ಅವ್ವನಿಗೆ ಹೇಳದೆ ಹಾಕಿದ ಸೂಜಿ

ಅವ್ವನಿಗೆ ಕೊರೋನಾ ಲಸಿಕೆ ಹಾಕಿದ್ದು ನಾನೇ. ಹಾಕುವಾಗ ಅದು ಶಕ್ತಿ ಸೂಜಿ ಎಂದು ಸುಳ್ಳು ಹೇಳಿದ್ದೂ ನಾನೇ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬಂದೆ. ಒಣಗಿದ ಬಟ್ಟೆ ತೆಗೆದು ಮಡಿಸಿದೆ, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ.

ನಾನು ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರ ಹೋಬಳಿಯ ಒಂದು ಹಳ್ಳಿಯಲ್ಲಿ ಸರ್ಕಾರಿ ನರ್ಸು. ಎರಡು ಕೋಣೆಯ ಉಪಕೇಂದ್ರ, ಅದರ ಹಿಂದೆಯೇ ಮನೆ. ಬಸುರಿಯರ ತಪಾಸಣೆ, ಮಕ್ಕಳ ಚುಚ್ಚುಮದ್ದು, ವಯಸ್ಸಾದವರ ಬಿಪಿ ಶುಗರ್ ಮಾತ್ರೆ, ಇವು ದಿನದ ಕೆಲಸ. ಊರಲ್ಲಿ ಅರ್ಧ ಜನ ತೆಲುಗು ಮಾತಾಡುತ್ತಾರೆ, ಅರ್ಧ ಜನ ಕನ್ನಡ. ನಾನು ಎಲ್ಲರಿಗೂ ನರ್ಸಮ್ಮ. ನನ್ನ ತವರು ಚಳ್ಳಕೆರೆ ಕಡೆ, ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿನ ಒಂದು ಹಟ್ಟಿ. ಅಲ್ಲಿ ಅವ್ವ, ಅಣ್ಣ, ಅತ್ತಿಗೆ ಮತ್ತು ಕುರಿಗಳು. ಸರ್ಕಾರಿ ಸಂಸ್ಥೆಗಳು ಹುಲ್ಲುಗಾವಲಿನ ಸುತ್ತ ಗೋಡೆ ಎಬ್ಬಿಸಿದ ಮೇಲೆ ಕುರಿಗಳು ಮೇಯುವುದು ಗೋಡೆಯ ಈಚೆ ಉಳಿದ ಪಟ್ಟಿಯಲ್ಲಿ, ಶೇಂಗಾ ಕಿತ್ತ ಹೊಲಗಳಲ್ಲಿ.

ಅವ್ವನಿಗೆ ಆಗ ಅರವತ್ತೈದು ದಾಟಿತ್ತು. ಅಪ್ಪ ಹೋದ ಮೇಲೆ ಹಿಂಡನ್ನೂ ಮನೆಯನ್ನೂ ನಡೆಸಿದವಳು ಅವಳೇ. ಯಾವ ಮನೆಯ ಕುರಿ ಈಯಲಾರದೆ ಒದ್ದಾಡುತ್ತಿದ್ದರೂ ಮೊದಲು ಕರೆಯುತ್ತಿದ್ದದ್ದು ಅವಳನ್ನು. ಮಗುವಿಗೆ ಜ್ವರ ಬಂದರೂ, ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರೂ ಹೆಂಗಸರು ನಮ್ಮ ಮನೆಯ ಕಟ್ಟೆಗೆ ಬಂದು ಅವ್ವನನ್ನು ಒಂದು ಮಾತು ಕೇಳಿ ಹೋಗುತ್ತಿದ್ದರು. ಅವಳಿಗೆ ಶುಗರ್ ಇತ್ತು. ಮಾತ್ರೆ ನಾನೇ ತಂದುಕೊಡುತ್ತಿದ್ದೆ. ಸುಸ್ತು ಎಂದಾಗ ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಹಾಕುತ್ತಿದ್ದೆ. ಅದಕ್ಕೆ ಅವಳಿಟ್ಟ ಹೆಸರು ಶಕ್ತಿ ಸೂಜಿ. ನನ್ನ ಮಗಳ ಕೈ ಬೆಣ್ಣೆ ಕೈ, ಸೂಜಿ ಹೋಗಿದ್ದೇ ಗೊತ್ತಾಗಲ್ಲ ಎಂದು ಹಟ್ಟಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಕೊರೋನಾ ಬಂದ ಮೊದಲ ವರ್ಷ ಹಟ್ಟಿಯವರು ದಾರಿಗೆ ಜಾಲಿ ಮುಳ್ಳು ಅಡ್ಡ ಹಾಕಿದ್ದರು. ನಾನು ದಿನಾ ರೋಗಿಗಳ ನಡುವೆ ಇರುವವಳು, ಹಾಗಾಗಿ ನನ್ನನ್ನೂ ಒಳಗೆ ಬಿಡುತ್ತಿರಲಿಲ್ಲ. ಅವ್ವ ಮುಳ್ಳಿನ ಆಚೆ, ನಾನು ಈಚೆ ನಿಂತು ಮಾತಾಡಿ, ಮಾತ್ರೆಯ ಪೊಟ್ಟಣ ನೆಲದ ಮೇಲಿಟ್ಟು ಹಿಂದೆ ಸರಿದು ಬರುತ್ತಿದ್ದೆ. ಅದರ ಮುಂದಿನ ವರ್ಷ ಲಸಿಕೆ ಬಂತು. ಲಸಿಕೆಯ ಜೊತೆಗೆ ಫೋನುಗಳಲ್ಲಿ ಮಾತುಗಳೂ ಬಂದವು. ಹಾಕಿಸಿಕೊಂಡವರು ಎರಡು ವರ್ಷಕ್ಕೆ ಸಾಯುತ್ತಾರಂತೆ, ಹೆಂಗಸರಿಗೆ ಮಕ್ಕಳಾಗುವುದಿಲ್ಲವಂತೆ. ಆರೋಗ್ಯ ಇಲಾಖೆಯವರು ಹಟ್ಟಿಗೆ ಹೋದಾಗ ಅವ್ವ ಕಟ್ಟೆಯ ಮೇಲಿನಿಂದ ಇಳಿಯದೆಯೇ ಹೇಳಿದಳಂತೆ:

"ಬ್ಯಾನಿ ಇಲ್ದೋರಿಗೆ ಯಾಕ್ರೀ ಸೂಜಿ? ಕುರಿಗಳಿಗಾದ್ರೆ ಹಾಕಿ ಹೋಗ್ರಿ, ಹಿಡ್ಕೊಂಡು ಕೊಡ್ತೀವಿ."

ಅಷ್ಟೇ ಸಾಕಾಯಿತು. ಆ ದಿನ ಹಟ್ಟಿಯಲ್ಲಿ ಒಬ್ಬರೂ ತೋಳು ಚಾಚಲಿಲ್ಲ.

ನಾನು ಮೂರು ಸಲ ಕೇಳಿದೆ. ಮೂರು ಸಲವೂ ಬೇಡ ಎಂದಳು. ಕಾರಣ ಕೇಳಿದರೆ ಬೇರೆ ಮಾತು ಎತ್ತುತ್ತಿದ್ದಳು. ಆ ಯುಗಾದಿಗೆ ಅಣ್ಣ ಅವಳನ್ನು ನನ್ನ ಮನೆಗೆ ತಂದು ಬಿಟ್ಟು ಹೋದ. ಅದೇ ವಾರ ಕೊರೋನಾ ಬಂದಿದ್ದ ನಮ್ಮ ಊರಿನ ಒಬ್ಬ ದರ್ಜಿಯನ್ನು ನಾನೇ ಕೈ ಹಿಡಿದು ಆಂಬುಲೆನ್ಸ್ ಹತ್ತಿಸಿದ್ದೆ. ಅವರಿಗೂ ಶುಗರ್ ಇತ್ತು. ಹತ್ತುವಾಗ, "ನರ್ಸಮ್ಮ, ಮಷಿನ್ ಮೇಲೆ ಬಟ್ಟೆ ಹಂಗೇ ಬಿಟ್ಟು ಬಂದೀನಿ, ಮುಚ್ಚೋಕೆ ಹೇಳಿ" ಎಂದಿದ್ದರು. ಅವರು ತಿರುಗಿ ಬರಲಿಲ್ಲ. ನನಗೆ ಅವ್ವನ ಮುಖ ನೋಡಿದಾಗಲೆಲ್ಲ ಆ ಮಷಿನ್ ಮೇಲಿನ ಬಟ್ಟೆ ನೆನಪಾಗುತ್ತಿತ್ತು.

ಹಬ್ಬ ಮುಗಿದ ಎರಡನೇ ದಿನ ಶಾಲೆಯ ಕೋಣೆಯಲ್ಲಿ ಲಸಿಕೆ ಹಾಕುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಜನ ಬರುವುದು ನಿಂತಿತು. ತೆರೆದ ಬಾಟಲಿಯಲ್ಲಿ ಒಬ್ಬರಿಗಾಗುವಷ್ಟು ಉಳಿದಿತ್ತು. ತೆರೆದ ಮೇಲೆ ಹೆಚ್ಚು ಹೊತ್ತು ಇಡುವಂತಿಲ್ಲ, ಚೆಲ್ಲಬೇಕು. ಪಡಿತರ ಚೀಟಿಯ ಕೆಲಸಕ್ಕೆಂದು ಅವ್ವ ಕೊಟ್ಟಿದ್ದ ಆಧಾರ್ ಕಾರ್ಡು ನನ್ನ ಚೀಲದಲ್ಲೇ ಇತ್ತು. ನಾನು ಮನೆಗೆ ಹೋಗಿ, "ಅವ್ವ, ಬಾ, ಶುಗರ್ ನೋಡಿ ಒಂದು ಶಕ್ತಿ ಸೂಜಿ ಹಾಕ್ತೀನಿ" ಎಂದೆ. ಅವಳು ಸೆರಗು ಹೊದ್ದು ನನ್ನ ಹಿಂದೆಯೇ ಬಂದಳು. ಕುರ್ಚಿಯ ಮೇಲೆ ಕೂತು ತೋಳು ಕೊಟ್ಟಳು. ಗೋಡೆಯ ಮೇಲೆ ಮಕ್ಕಳು ಬರೆದ ನವಿಲಿನ ಚಿತ್ರ ನೋಡುತ್ತಿದ್ದಳು. ಸೂಜಿ ಹಾಕಿ, ಹತ್ತಿ ಒತ್ತಿ, ಆಧಾರ್ ನೋಡಿ ಅವಳ ಹೆಸರನ್ನು ಪಟ್ಟಿಗೆ ಸೇರಿಸಿದೆ.

ಮರುದಿನ ಅವಳಿಗೆ ಮೈಕೈ ನೋವು, ಜ್ವರ. "ಈ ಸಲದ ಶಕ್ತಿ ಸೂಜಿ ನನ್ನ ಮೈನೇ ಮುರಿದು ಹಾಕ್ತಲ್ಲೇ" ಎಂದಳು. ನಾನು ಜ್ವರದ ಮಾತ್ರೆ ಕೊಟ್ಟು, ಬಿಸಿಲು ಎಂದೆ. ಮೂರನೇ ದಿನ ಎದ್ದು ಓಡಾಡಿದಳು. ಅಣ್ಣ ಬಂದು ಕರೆದುಕೊಂಡು ಹೋದ. ಎರಡನೇ ಡೋಸಿನ ಹೊತ್ತಿಗೆ ಲಾಕ್‌ಡೌನಿನಲ್ಲಿ ಎಲ್ಲ ಬಂದ್ ಆಗಿತ್ತು. ಬಂದ್ ಆಗದಿದ್ದರೂ ಇನ್ನೊಮ್ಮೆ ಸುಳ್ಳು ಹೇಳಲು ನನ್ನಿಂದ ಆಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ.

ಎರಡನೇ ಅಲೆ ಹಟ್ಟಿಯನ್ನೂ ಬಿಡಲಿಲ್ಲ. ಹತ್ತಾರು ಜನ ಮಲಗಿ ಎದ್ದರು. ನಮ್ಮ ಎದುರು ಮನೆಯ ಚಿಕ್ಕಪ್ಪ ಮಾತ್ರ ಏಳಲಿಲ್ಲ. ಅವರ ಹೆಂಡತಿಯನ್ನು ನಾನು ಚಿಕ್ಕವ್ವ ಎನ್ನುತ್ತೇನೆ. ರಕ್ತಸಂಬಂಧವಲ್ಲ, ಆದರೆ ನಾನು ಹುಟ್ಟಿದಾಗಿನಿಂದ ಆ ಅಂಗಳವೂ ನಮ್ಮದೇ ಅಂಗಳ. ಚಿಕ್ಕಪ್ಪ ಲಸಿಕೆ ಹಾಕಿಸಿಕೊಳ್ಳಲು ಅರ್ಧ ಮನಸ್ಸು ಮಾಡಿದ್ದರಂತೆ. ಅವ್ವ ಬೇಡ ಎಂದಿದ್ದಕ್ಕೆ ಬಿಟ್ಟರಂತೆ. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಚಳಿಗಾಲದ ಹೊತ್ತಿಗೆ ಮನೆಮನೆಗೆ ಹೋಗಿ ಬಾಕಿ ಇದ್ದವರನ್ನು ಹುಡುಕುವ ಕೆಲಸ ಶುರುವಾಯಿತು. ಹಟ್ಟಿಗೆ ಬಂದ ಆಶಾ ಕಾರ್ಯಕರ್ತೆ ಪಟ್ಟಿ ಹಿಡಿದು ನಮ್ಮ ಕಟ್ಟೆಯ ಮುಂದೆ ನಿಂತು ಎಲ್ಲರೆದುರು ಹೆಸರು ಓದಿದಳು. ಅವ್ವನ ಹೆಸರು ಬಂದಾಗ, "ನಿಮ್ದು ಮೊದಲನೇದು ಆಗೈತಲ್ಲಮ್ಮ, ಎರಡನೇದು ಬಾಕಿ ಐತೆ" ಎಂದಳು.

"ನಾನು ಒಂದೂ ಹಾಕ್ಸಿಲ್ಲ" ಎಂದಳು ಅವ್ವ.

"ಇಲ್ಲಿ ಐತೆ ನೋಡ್ರಿ. ದೇವಸಮುದ್ರದ ಕಡೆ ಹಾಕ್ಸೀರಿ. ನಿಮ್ಮ ಮಗಳ ಹತ್ರನೇ."

ಆಮೇಲಿನದನ್ನು ನನಗೆ ಹೇಳಿದ್ದು ಅತ್ತಿಗೆ, ಫೋನಿನಲ್ಲಿ. ಚಿಕ್ಕವ್ವ ಎದ್ದು ಬಂದು ಅವ್ವನ ಎದುರು ನಿಂತಳಂತೆ. "ಮಗಳು ನರ್ಸು ಅಂತ ಕದ್ದು ಹೋಗಿ ಹಾಕ್ಸ್ಕೊಂಡು ಬಂದು, ನಮಗೆಲ್ಲ ಬ್ಯಾಡ ಅಂದ್ಯಾ? ನೀನು ಉಳ್ಕಂಡೆ. ನನ್ನ ಗಂಡ ಹೋದ." ಅವ್ವ ಇಲ್ಲ ಕಣೇ, ಇಲ್ಲ ಕಣೇ ಎನ್ನುತ್ತಲೇ ಇದ್ದಳಂತೆ. ಪಟ್ಟಿಯಲ್ಲಿ ಹೆಸರಿತ್ತು. ಯಾರು ನಂಬುತ್ತಾರೆ?

ನಾನು ಮರುದಿನವೇ ಹೋದೆ. ಅವ್ವ ಕುರಿಯ ಕೊಟ್ಟಿಗೆ ಗುಡಿಸುತ್ತಿದ್ದಳು. ಪೊರಕೆ ಕೆಳಗಿಡಲಿಲ್ಲ.

"ಅದು ಶಕ್ತಿ ಸೂಜಿ ಅಲ್ವಾ?"

"ಅಲ್ಲವ್ವ."

"ಹೇಳಿದ್ರೆ ನಾನು ಬ್ಯಾಡ ಅಂತಿದ್ದೆ."

"ಅದಕ್ಕೇ ಹೇಳ್ಲಿಲ್ಲ. ನಿಂಗೇನಾದ್ರೂ ಆದ್ರೆ ಅಂತ..."

"ಕುರಿಗೆ ಯಾರೂ ಹೇಳಿ ಹಾಕಲ್ಲ, ಹಿಡ್ಕೊಂಡು ಹಾಕ್ತಾರೆ. ನನ್ನೂ ಹಂಗೇ ಅಂದ್ಕಂಡ್ಯಾ?"

ನಾನು ಅತ್ತೆ. ಅವಳು ಅಳಲಿಲ್ಲ. ಪೊರಕೆಯಿಂದ ಎದುರು ಮನೆಯನ್ನು ತೋರಿಸಿ, "ಹೋಗಿ ಅವಳಿಗೆ ಹೇಳು. ನಮ್ಮವ್ವಂಗೆ ಗೊತ್ತಿರ್ಲಿಲ್ಲ, ನಾನೇ ಸುಳ್ಳು ಹೇಳಿ ಹಾಕ್ದೆ ಅಂತ ಹೇಳು" ಎಂದಳು. ಹೇಳ್ತೀನವ್ವ ಎಂದೆ. ಎದುರು ಮನೆಯ ಬಾಗಿಲವರೆಗೂ ಹೋದೆ. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ಹಾಗೆಯೇ ನಡೆದು ರಸ್ತೆಗೆ ಬಂದು ಚಳ್ಳಕೆರೆಯ ಬಸ್ಸು ಹತ್ತಿದೆ.

ಯಾಕೆ ಹೇಳಲಿಲ್ಲ ಎನ್ನುವುದಕ್ಕೆ ನನ್ನ ಬಳಿ ಒಂದು ಒಳ್ಳೆಯ ಉತ್ತರವಿತ್ತು. ನರ್ಸಮ್ಮ ಸ್ವಂತ ತಾಯಿಗೇ ಸುಳ್ಳು ಹೇಳಿ ಸೂಜಿ ಹಾಕಿದಳು ಎಂದು ಹಬ್ಬಿದರೆ ನಾಳೆ ಮಕ್ಕಳಿಗೆ ಪೋಲಿಯೋ ಹನಿ ಹಾಕಿಸಲೂ ಯಾರೂ ಬರುವುದಿಲ್ಲ. ಅದು ನಿಜವೇ. ಆದರೆ ಬಸ್ಸಿನಲ್ಲಿ ಕೂತಾಗ ನಾನು ಯೋಚಿಸುತ್ತಿದ್ದದ್ದು ಅದಲ್ಲ, ಕೆಲಸ ಹೋದರೆ ಎಂದು. ಯಾರಾದರೂ ಒಂದು ದೂರು ಬರೆದರೆ ಸಾಕಿತ್ತು.

ಹೀಗೆ ಸುಮಾರು ಮೂರು ವರ್ಷ ಕಳೆಯಿತು. ಅವ್ವ ನನ್ನ ಮನೆಗೆ ಬರಲಿಲ್ಲ. ನಾನು ಹೋದರೆ ಊಟಕ್ಕೆ ಬಡಿಸುತ್ತಿದ್ದಳು, ಮಾತಿಗೆ ಮಾತು ಕೊಡುತ್ತಿದ್ದಳು. ನಾನು ಕೊಟ್ಟ ಮಾತ್ರೆ ಮಾತ್ರ ಮುಟ್ಟುತ್ತಿರಲಿಲ್ಲ. ಅಣ್ಣ ಚಳ್ಳಕೆರೆಯ ಮೆಡಿಕಲ್ ಸ್ಟೋರಿನಿಂದ ತರಬೇಕು. ಅದೇ ಕಂಪನಿಯ ಅದೇ ಮಾತ್ರೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚುತ್ತಿದ್ದದ್ದು ನಮ್ಮ ಕಟ್ಟೆ. ಅಲ್ಲಿ ಯಾರೂ ಬಂದು ಕೂರುತ್ತಿರಲಿಲ್ಲ. ಕುರಿ ಈಯಲಾರದಿದ್ದರೆ ಪಶು ಆಸ್ಪತ್ರೆಗೆ ಫೋನ್ ಮಾಡುತ್ತಿದ್ದರು.

ರೋಗ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರೂ ಜಗಳ ಮುಗಿಯಲಿಲ್ಲ. ಕುರಿ ಸಂತೆಯಲ್ಲಿ ಒಬ್ಬರು ನಿಂತಲ್ಲೇ ಕುಸಿದು ಸತ್ತರು. ಇನ್ನೂ ನಲವತ್ತರ ಆಸುಪಾಸು. ಹಟ್ಟಿಯಲ್ಲಿ ಅರ್ಧ ಜನ ಅದು ಸೂಜಿಯಿಂದ ಎಂದರು. ಉಳಿದವರು ಅವರ ಬೀಡಿಯನ್ನೂ ಕುಡಿತವನ್ನೂ ಎತ್ತಿ ಆಡಿದರು. ಅಣ್ಣ ನನಗೆ ವೀಡಿಯೊಗಳನ್ನು ಕಳಿಸುತ್ತಿದ್ದ. ಯಾರೋ ಕಾರಿನಲ್ಲಿ ಕೂತು ಕೂಗಾಡುವುದು, ಕೆಳಗೆ ಕೆಂಪು ಅಕ್ಷರ. "ಇದಕ್ಕೇನಂತೀಯಾ?" ಎಂದು ಕೇಳುತ್ತಿದ್ದ. ನಾನು ಡಾಕ್ಟರು ಹೇಳಿದ್ದನ್ನು ಹೇಳುತ್ತಿದ್ದೆ, ಓದಿದ್ದನ್ನು ಹೇಳುತ್ತಿದ್ದೆ. ಕೊನೆಗೆ ಅವನು, "ನೀನು ಹೇಳಿದ್ದು ನಂಬಾದು ಹೆಂಗೇ?" ಎನ್ನುತ್ತಿದ್ದ. ತಮಾಷೆಗೆ ಅನ್ನುತ್ತಿದ್ದನೋ ನಿಜಕ್ಕೋ, ಅವನ ಮುಖ ಕಾಣದ ಫೋನಿನಲ್ಲಿ ತಿಳಿಯುತ್ತಿರಲಿಲ್ಲ.

ಹೋದ ವರ್ಷ, ಶೇಂಗಾ ಕೀಳುವ ದಿನಗಳಲ್ಲಿ, ಒಂದು ಬೆಳಿಗ್ಗೆ ಅಣ್ಣ ಫೋನ್ ಮಾಡಿದ. ಹಿಂದಿನ ದಿನ ಸಂಜೆ ಅವ್ವ ಹಿಂಡಿನಿಂದ ಮರಿಗಳನ್ನು ಬೇರೆ ಮಾಡುತ್ತಿದ್ದಾಗ ಎಲ್ಲಿಂದಲೋ ಬಂದ ನಾಯಿ ಎರಡು ಮರಿಗಳನ್ನು ಕಚ್ಚಿ, ಬಿಡಿಸಲು ಹೋದ ಅವಳ ಮೀನಖಂಡಕ್ಕೂ ಬಾಯಿ ಹಾಕಿತ್ತು. ನಾಯಿ ಜೊಲ್ಲು ಸುರಿಸುತ್ತಾ ಹುಲ್ಲುಗಾವಲಿನ ಗೋಡೆಯ ಕಡೆ ಓಡಿಹೋಗಿತ್ತು. ಅವ್ವ ಗಾಯಕ್ಕೆ ಸುಣ್ಣ ಮೆತ್ತಿಕೊಂಡಿದ್ದಳು.

"ಆಸ್ಪತ್ರೆಗೆ ನಡಿ ಅಂದ್ರೆ ಬರಾಕಿಲ್ಲ ಅಂತಾಳೆ. ಸೂಜಿ ಅಂದ್ರೆ ಕಲ್ಲು ಎತ್ಕೊಳ್ತಾಳೆ. ನೀನು ಬಾ" ಎಂದ.

ಹುಚ್ಚುನಾಯಿ ರೋಗ ಹತ್ತಿದ ಮೇಲೆ ಮದ್ದಿಲ್ಲ. ಅದು ನನಗೆ ಗೊತ್ತು, ಗೊತ್ತಿರುವುದೇ ಕಷ್ಟ. ರಜೆಗೆ ಫೋನಿನಲ್ಲೇ ಹೇಳಿ ರಸ್ತೆಗೆ ಬಂದೆ. ಸಿಕ್ಕ ಬಸ್ಸು ರಾಂಪುರ ದಾಟುವಷ್ಟರಲ್ಲಿ ನಾಲ್ಕು ಸಲ ನಿಂತಿತು. ಕುರಿಗಳು ಅಡ್ಡ ಬಂದವು, ಯಾರೋ ಚೀಲ ಇಳಿಸಿದರು. ನಾನು ಕೂರಲಾರದೆ ಎದ್ದು ಬಾಗಿಲ ಬಳಿ ಹೋಗಿ ನಿಂತೆ. "ನಿಂತ್ರೆ ಬಸ್ ಬೇಗ ಹೋಗ್ತೈತಾ, ಕೂತ್ಕೊಳ್ರಮ್ಮ" ಎಂದ ಕಂಡಕ್ಟರ್. ಚಳ್ಳಕೆರೆಯಲ್ಲಿ ಇಳಿದು ನಾಯಕನಹಟ್ಟಿ ಕಡೆಯ ಬಸ್ಸಿಗೆ ಕಾಯುವಾಗ ಮೂರು ಸಲ ಅಣ್ಣನಿಗೆ ಫೋನ್ ಮಾಡಿದೆ. ಮೂರನೇ ಸಲ ಅವನು ಎತ್ತಲಿಲ್ಲ.

ಅವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಸುಣ್ಣ ಒಣಗಿ ಬಿರುಕು ಬಿಟ್ಟಿತ್ತು. ನಾನು ಬಕೆಟ್ಟಿನಲ್ಲಿ ನೀರು, ಸೋಪು ತಂದೆ.

"ಸೋಪಿನಾಗೇನೂ ಹಾಕಿಲ್ಲ ತಾನೇ?" ಎಂದಳು. ನನ್ನ ಕೈಯಿಂದ ಸೋಪು ಕಿತ್ತುಕೊಂಡು ಮೂಸಿದಳು. ತಾನೇ ತೊಳೆದುಕೊಂಡಳು. ಸುಣ್ಣದ ಕೆಳಗೆ ನಾಲ್ಕು ಹಲ್ಲಿನ ಗುರುತು, ಎರಡು ಆಳ. ಕಾಲು ಗಂಟೆ ತೊಳೆಯಬೇಕು ಎಂದು ಹೇಳಿ ನಾನು ನೀರು ಹೊಯ್ಯುತ್ತಲೇ ಇದ್ದೆ. ಹೊಯ್ಯುತ್ತಾ ಎಲ್ಲ ಹೇಳಿದೆ. ಇದು ಕೊರೋನಾ ಥರ ಅಲ್ಲ, ಬಂದರೆ ಉಳಿಯುವ ಮಾತಿಲ್ಲ, ಸೂಜಿ ಒಂದೇ ದಾರಿ, ಇವತ್ತೇ ಆಗಬೇಕು.

"ಆಗ್ಲೂ ಹಿಂಗೇ ಹೇಳ್ತಿದ್ದಿ."

"ಆಗ ನಾನು ಸುಳ್ಳು ಹೇಳ್ದೆ. ಈಗ ಇಲ್ಲ."

"ನಂಗೆ ಹೆಂಗೆ ಗೊತ್ತಾಗ್ಬೇಕು?"

ಅಣ್ಣ ಎತ್ತಿಕೊಂಡೇ ಹೋಗೋಣ ಎಂದ. ಬೇಡ ಎಂದೆ. ಅವ್ವ ಕಾಲು ಒರೆಸಿಕೊಂಡು ಎದುರು ಮನೆಯ ಕಡೆ ನೋಡಿದಳು.

"ನಾನು ಹೇಳಿದ್ದ ಮಾತು ಒಂದು ಬಾಕಿ ಐತೆ. ಅದು ಮುಗ್ಸು, ಆಮ್ಯಾಲೆ ನೋಡಾನ."

ಚಿಕ್ಕವ್ವನ ಅಂಗಳದಲ್ಲಿ ನಾಲ್ಕೈದು ಹೆಂಗಸರು ಗಿಡದಿಂದ ಶೇಂಗಾ ಬಿಡಿಸುತ್ತಾ ಕೂತಿದ್ದರು. ನಾನು ಹೋಗಿ ನಿಂತೆ. ಯಾರೂ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನಿಂತುಕೊಂಡು ಹೇಳಲಾಗದೆ ನೆಲದ ಮೇಲೆ ಕೂತೆ. ಗೊತ್ತಿಲ್ಲದಂತೆಯೇ ಒಂದು ಗಿಡ ಎತ್ತಿಕೊಂಡು ಕಾಯಿ ಬಿಡಿಸತೊಡಗಿದ್ದೆ.

"ಚಿಕ್ಕವ್ವ, ನಮ್ಮವ್ವ ಕದ್ದು ಸೂಜಿ ಹಾಕ್ಸಿಕೊಂಡಿಲ್ಲ. ಅವಳಿಗೆ ಗೊತ್ತೇ ಇರ್ಲಿಲ್ಲ. ಶಕ್ತಿ ಸೂಜಿ ಅಂತ ಸುಳ್ಳು ಹೇಳಿ ನಾನೇ ಹಾಕ್ದೆ. ಪಟ್ಟಿ ಓದಿದ ಮಾರನೇ ದಿನವೇ ಬಂದು ನಿಮಗೆ ಹೇಳಬೇಕಿತ್ತು. ಬಾಗಿಲವರೆಗೂ ಬಂದಿದ್ದೆ. ಕೆಲಸ ಹೋಗ್ತೈತೆ ಅಂತ ಹೆದರಿ ಹೇಳದೇ ಹೋದೆ."

ಕಾಯಿ ಬಿಡಿಸುವ ಕೈಗಳೆಲ್ಲ ನಿಂತವು. ಒಬ್ಬಳು, "ಅಯ್ಯೋ, ಹೆತ್ತವ್ವಂಗೇ?" ಎಂದಳು. ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿ ಕಾದೆ. ಚಿಕ್ಕವ್ವ ಬೈಯಲಿಲ್ಲ. ಮೆಲ್ಲಗೆ ಕೇಳಿದಳು:

"ನಿಮ್ಮವ್ವಂಗೆ ಸುಳ್ಳು ಹೇಳಿ ಹಾಕ್ದೆ. ನಿಮ್ಮ ಚಿಕ್ಕಪ್ಪಂಗೆ ಯಾಕೆ ಹೇಳ್ಲಿಲ್ಲ ಆ ಸುಳ್ಳು?"

ನಾನು ತಲೆ ಎತ್ತಿದೆ. ಅವಳು ಕುಹಕವಾಡುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

"ಅವನೂ ನಿನ್ನನ್ನ ಮಗಳಂಗೇ ನೋಡ್ಕಂಡಿದ್ದ. ನಿನ್ನ ಮಾತಿಗೆ ತೋಳು ಕೊಡ್ತಿದ್ದ. ಒಂದು ಸುಳ್ಳು ಹೇಳಿ ಹಾಕಿದ್ರೆ ಇರ್ತಿದ್ನೋ ಏನೋ."

ಮೂರು ವರ್ಷ ನಾನು ಎದುರು ನೋಡಿದ್ದ ಪ್ರಶ್ನೆ ಯಾಕೆ ಸುಳ್ಳು ಹೇಳಿದೆ ಎನ್ನುವುದು. ಅದಕ್ಕೆ ಹತ್ತು ಉತ್ತರ ಕಟ್ಟಿಟ್ಟುಕೊಂಡಿದ್ದೆ. ಯಾಕೆ ಇನ್ನೊಂದು ಸುಳ್ಳು ಹೇಳಲಿಲ್ಲ ಎಂದು ಯಾರಾದರೂ ಕೇಳಬಹುದು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಹಾಕಿದ್ದರೂ ಉಳಿಯುತ್ತಿದ್ದರೆಂದು ಹೇಳಲಾಗುವುದಿಲ್ಲ ಚಿಕ್ಕವ್ವ ಎನ್ನಬಹುದಿತ್ತು. ಅದು ನಿಜವೂ ಹೌದು. ಅನ್ನದೆ, ಕೈಯಲ್ಲಿದ್ದ ಗಿಡದಲ್ಲಿ ಉಳಿದ ಕಾಯಿಗಳನ್ನು ಬಿಡಿಸತೊಡಗಿದೆ.

ಅಷ್ಟರಲ್ಲಿ ಅವ್ವ ಕುಂಟುತ್ತಾ ಬಂದು ಅಂಗಳದ ಅಂಚಿನಲ್ಲಿ ನಿಂತಿದ್ದಳು. ಚಿಕ್ಕವ್ವ ಅವಳ ಕಾಲು ನೋಡಿದಳು.

"ಏನೇ ಅದು?"

"ನಾಯಿ."

"ಸೂಜಿ ಹಾಕ್ಸ್ಕಂಡ್ಯಾ?"

"ಇಲ್ಲ."

"ಸಾಯ್ಬೇಕಂತ ಐತಾ? ನಮ್ಮತ್ತೆ ತಮ್ಮ ಹಂಗೇ ನಾಯಿ ಥರ ಒದ್ದಾಡಿ ಸತ್ತ. ನಡಿ." ಚಿಕ್ಕವ್ವ ಮಡಿಲಲ್ಲಿದ್ದ ಶೇಂಗಾ ನೆಲಕ್ಕೆ ಕೊಡವಿ ಎದ್ದಳು. "ನಾನೂ ಬರ್ತೀನಿ. ಇವಳೊಬ್ಬಳ ಮ್ಯಾಲೆ ಬಿಡಬ್ಯಾಡ, ನಾನು ನೋಡ್ತೀನಿ ಏನು ಹಾಕ್ತಾರೆ ಅಂತ."

ಅವ್ವ ಅವಳ ಹೆಗಲು ಹಿಡಿದುಕೊಂಡಳು.

ಅಣ್ಣ ಹಟ್ಟಿಯ ಆಟೋ ಕರೆದ. ಚಳ್ಳಕೆರೆಯ ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಒತ್ತಿ ಕೂತರು, ನಾನು ಚೀಟಿ ಹಿಡಿದು ಸಾಲಿನಲ್ಲಿ ನಿಂತೆ. ಹಿಂದಿನಿಂದ ಅವ್ವನ ಮಾತು ಕೇಳುತ್ತಿತ್ತು. ಚಿಕ್ಕವ್ವನಿಗೆ ಹೇಳುತ್ತಿದ್ದಳು, ನಾನು ಕೇಳಲಿ ಎಂದೂ ಇದ್ದಿರಬಹುದು. ಆಗ ನಾನಿನ್ನೂ ಮೊಲೆಹಾಲು ಬಿಡದ ಕೂಸಂತೆ. ಜೀಪಿನಲ್ಲಿ ಬಂದವರು ಹೊಟ್ಟೆನೋವಿಗೆ ತೋರಿಸೋಣ ಬಾ ಎಂದು ಅವ್ವನನ್ನು ಕರೆದುಕೊಂಡು ಹೋಗಿ ಮಕ್ಕಳಾಗದ ಆಪರೇಷನ್ ಮಾಡಿ ಕಳಿಸಿದರಂತೆ. ಹೊಲಿಗೆ ನೋಡಿದ ಮೇಲೆಯೇ ಗೊತ್ತಾಗಿದ್ದು. "ಅವರ್ಯಾರೋ, ಎಲ್ಲಿಯವರೋ. ಬೈದು ಬಿಟ್ಟೆ. ಇವಳು ನನ್ನ ಹೊಟ್ಟೆಯಾಗ ಹುಟ್ಟಿದೋಳು" ಎಂದಳು.

ಸಾಲು ಮುಂದೆ ಸರಿಯಿತು. ಹಿಂದಿನವರು, "ನಡೀರಮ್ಮ" ಎಂದ ಮೇಲೆ ನನಗೆ ಕಾಲು ಎತ್ತಿಡಬೇಕೆಂದು ನೆನಪಾಯಿತು.

ಸೂಜಿಯ ಕೋಣೆಯಲ್ಲಿ ಇದ್ದದ್ದು ಒಬ್ಬ ಎಳೆಯ ಸಿಸ್ಟರ್. ಅವ್ವ ತೋಳು ಕೊಡುವ ಮೊದಲು, "ಅದರ ಮ್ಯಾಲೆ ಏನು ಬರೆದೈತೆ, ಓದವ್ವ" ಎಂದಳು. ಆಕೆ ನನ್ನ ಕಡೆ ನೋಡಿದಳು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಆಕೆ ಬಾಟಲಿಯನ್ನು ಬೆಳಕಿಗೆ ಹಿಡಿದು ಹೆಸರು ಓದಿದಳು, ಯಾತಕ್ಕೆ ಎಂದು ಹೇಳಿದಳು, ಎಷ್ಟು ಸಲ, ಯಾವ ಯಾವ ದಿನ ಎಂದೂ ಹೇಳಿದಳು. "ಗಾಯದ ಸುತ್ತ ಇನ್ನೊಂದು ಔಷಧ ಹಾಕ್ತೀವಿ. ಅದು ನೋಯ್ತೈತೆ ಅಜ್ಜಿ, ಸುಳ್ಳು ಹೇಳಲ್ಲ" ಎಂದಳು. ಅವ್ವ ನಕ್ಕುಬಿಟ್ಟಳು. ಆಮೇಲೆ ಚಿಕ್ಕವ್ವನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಹೊರಗೆ ಬಂದಾಗ ಚಿಕ್ಕವ್ವನ ಮಣಿಕಟ್ಟಿನ ಮೇಲೆ ಬೆರಳುಗಳ ಅಚ್ಚು ಮೂಡಿತ್ತು.

ಉಳಿದ ಸೂಜಿಗಳಿಗೆ ನಾನು ಬರುತ್ತೇನೆ ಎಂದೆ. ಬೇಡ ಎಂದಳು. ಎರಡನೆಯದಕ್ಕೆ ಚಿಕ್ಕವ್ವನ ಜೊತೆ, ಮೂರನೆಯದಕ್ಕೂ ಕೊನೆಯದಕ್ಕೂ ಒಬ್ಬಳೇ ಬಸ್ಸು ಹತ್ತಿ ಹೋಗಿ ಬಂದಳು. ನಾನು ದಿನಾ ಫೋನ್ ಮಾಡುತ್ತಿದ್ದೆ. ನೀರು ನುಂಗಲು ಕಷ್ಟವೇ, ಗಂಟಲು ಹಿಡಿಯುತ್ತದೆಯೇ ಎಂದು ನೇರ ಕೇಳಲು ಬಾಯಿ ಬರುತ್ತಿರಲಿಲ್ಲ. "ನೀರು ಕುಡ್ದ್ಯೇನವ್ವ?" ಎನ್ನುತ್ತಿದ್ದೆ.

"ಊಟ ಆಯ್ತಾ ಅಂತ ಕೇಳಲ್ಲ, ದಿನಾ ನೀರಿಂದೇ ಕೇಳ್ತೀಯಲ್ಲೇ" ಎಂದು ಒಂದು ದಿನ ರೇಗಿದಳು. ಆಗ, ಹುಚ್ಚುನಾಯಿ ರೋಗ ಹತ್ತಿದವರಿಗೆ ನೀರು ಇಳಿಯುವುದಿಲ್ಲ, ಅದಕ್ಕೇ ಕೇಳುತ್ತೇನೆ ಎಂದು ಬಿಡಿಸಿ ಹೇಳಿದೆ. "ಹಂಗಾದ್ರೆ ಕೇಳು" ಎಂದಳು. ಆಮೇಲೆ ನಾನು ಕೇಳುವ ಮುಂಚೆಯೇ, ಕುಡ್ದೆ, ಎರಡು ಚೊಂಬು, ಎಂದು ಶುರು ಮಾಡುತ್ತಿದ್ದಳು. ನಾಯಿ ಕಚ್ಚಿದ್ದ ಒಂದು ಮರಿ ಸತ್ತಿತು. ನಾಯಿ ಏನಾಯಿತೋ ತಿಳಿಯಲಿಲ್ಲ. ತಿಂಗಳುಗಳು ಕಳೆದವು. ಅವ್ವ ಚೆನ್ನಾಗಿದ್ದಾಳೆ.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಚಿಕ್ಕವ್ವ ಈಗ ನಮ್ಮ ಕಟ್ಟೆಗೆ ಬಂದು ಕೂರುತ್ತಾಳೆ, ಇನ್ನಿಬ್ಬರು ಮೂವರೂ ಬರುತ್ತಾರೆ. ಅವ್ವ ಹೋದ ತಿಂಗಳು ನನ್ನ ಕೈಯಿಂದ ಶುಗರ್ ಮಾತ್ರೆ ಇಸಿದುಕೊಂಡಳು. ಇಸಿದುಕೊಂಡು ಅಣ್ಣನ ಕೈಗೆ ಕೊಟ್ಟು, "ಮೆಡಿಕಲ್ನಾಗೆ ತೋರ್ಸ್ಕಂಡು ಬಾ" ಎಂದಳು. ದೂರು ಯಾರೂ ಬರೆಯಲಿಲ್ಲ. ಆದರೂ ಕಚೇರಿಯಿಂದ ಫೋನ್ ಬಂದರೆ ಇನ್ನೂ ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು ಮಾತಾಡುತ್ತೇನೆ. ಚಿಕ್ಕವ್ವ ಕೇಳಿದ ಪ್ರಶ್ನೆ ತಲೆಯಲ್ಲಿ ತಿರುಗುತ್ತಲೇ ಇರುತ್ತದೆ. ಅನ್ನಕ್ಕೆ ಇಡುವಾಗ, ರಿಜಿಸ್ಟರ್ ಬರೆಯುವಾಗ. ಒಂದು ದಿನ ನಾನು ಮಾಡಿದ್ದು ತಪ್ಪು ಎನ್ನಿಸುತ್ತದೆ. ಇನ್ನೊಂದು ದಿನ, ಒಬ್ಬಳಿಗೇ ಮಾಡಿ ನಿಲ್ಲಿಸಿದ್ದು ತಪ್ಪೇನೋ ಎನ್ನಿಸಿ ಗಾಬರಿಯಾಗುತ್ತದೆ.

ಈಗ ಉಪಕೇಂದ್ರದಲ್ಲಿ ಯಾವ ಸೂಜಿ ಹಾಕುವ ಮೊದಲೂ ಬಾಟಲಿ ತೋರಿಸಿ, ಹೆಸರು ಓದಿ, ಜ್ವರ ಬರಬಹುದು, ಊತ ಬರಬಹುದು ಎಂದು ಹೇಳುತ್ತೇನೆ. ಇದರಿಂದ ಸಾಲು ಉದ್ದವಾಗುತ್ತದೆ. "ಏಂದಿ ನರ್ಸಮ್ಮಾ, ಹಾಕಿ ಕಳಿಸು ಅಂದ್ರೆ ಪಾಠ ಹೇಳ್ತಿ" ಎಂದು ಮುದುಕಿಯರು ತೆಲುಗು ಬೆರೆಸಿ ಗೊಣಗುತ್ತಾರೆ. ಹೋದ ವಾರ ಒಬ್ಬ ಬಾಣಂತಿ ನಾನು ಹೇಳಿದ್ದೆಲ್ಲ ಕೇಳಿ ಹೆದರಿ, ಮಗುವನ್ನು ಎದೆಗೆ ಒತ್ತಿಕೊಂಡು ಎದ್ದು ಹೋದಳು. ಮೊದಲಿನ ಹಾಗೆ, ಏನಿಲ್ಲಮ್ಮ, ಇರುವೆ ಕಚ್ಚಿದ ಹಾಗೆ ಎಂದು ಹಾಕಿಬಿಟ್ಟಿದ್ದರೆ ಮಗುವಿಗೆ ಸೂಜಿ ಆಗಿರುತ್ತಿತ್ತು. ಎರಡು ಸಲ ಅವಳ ಮನೆಗೆ ಹೋದೆ. ಒಮ್ಮೆ ಬೀಗ. ಇನ್ನೊಮ್ಮೆ ಅವಳ ಅತ್ತೆ, ನಾಳೆ ಕಳಿಸ್ತೀವಿ ಎಂದರು. ಆ ನಾಳೆ ಬಂದು ಹೋಗಿದೆ. ಇವತ್ತು ಮಧ್ಯಾಹ್ನ ಮತ್ತೆ ಹೋಗಬೇಕು.

ಮೊನ್ನೆ ಟೀವಿಯಲ್ಲಿ ಮತ್ತೆ ಕೊರೋನಾ ಸುದ್ದಿ. ಎಲ್ಲೋ ಹೊಸ ಥರದ್ದು ಬಂದಿದೆ, ವಯಸ್ಸಾದವರು ಜನ ಸೇರುವಲ್ಲಿ ಮಾಸ್ಕ್ ಹಾಕಿಕೊಳ್ಳಲಿ ಎಂದು ಹೇಳುತ್ತಿದ್ದರು. ಅದೇ ಬೆಳಿಗ್ಗೆ ಅವ್ವನ ಫೋನು ಬಂತು. ತಾನಾಗಿ ಅವಳು ನನಗೆ ಫೋನ್ ಮಾಡಿ ವರ್ಷಗಳಾಗಿದ್ದವು. ಏನಾಯಿತೋ ಎಂದು ಒದ್ದೆ ಕೈಯಲ್ಲೇ ಎತ್ತಿದೆ.

"ಮತ್ತೆ ಬಂದೈತಂತಲ್ಲ. ನಂಗೆ ಇನ್ನೊಂದು ಸೂಜಿ ಬೇಕಾ ಬ್ಯಾಡ್ವಾ? ಖರೇ ಹೇಳು."

ಬೇಕು ಎನ್ನುವ ಮಾತು ನಾಲಿಗೆ ತುದಿಯವರೆಗೆ ಬಂತು. ಆದರೆ ಈಗಿನ ಈ ಹೊಸದಕ್ಕೆ ಅವಳಿಗೆ ಬೇಕೋ ಬೇಡವೋ ನನಗೆ ತಿಳಿದಿರಲಿಲ್ಲ. ಮೇಲಿನಿಂದ ಇನ್ನೂ ಏನೂ ಬಂದಿರಲಿಲ್ಲ.

"ನಂಗೂ ಗೊತ್ತಿಲ್ಲವ್ವ. ಡಾಕ್ಟ್ರನ್ನ ಕೇಳಿ ಹೇಳ್ತೀನಿ."

"ಗೊತ್ತಿಲ್ಲ ಅನ್ನೋಕೆ ಅಷ್ಟೆಲ್ಲ ಯಾಕೇ ಓದಿದ್ದು?" ಎಂದಳು. ಹಿಂದೆ ಚಿಕ್ಕವ್ವ ಏನೋ ಹೇಳಿ ನಗುವುದು ಕೇಳಿಸಿತು. ಅವ್ವ ಅವಳಿಗೆ ಏನೋ ಉತ್ತರ ಕೊಡುತ್ತಾ ಫೋನು ಇಟ್ಟುಬಿಟ್ಟಳು.

ಡಾಕ್ಟರಿಗೆ ಆಗಲೇ ಫೋನ್ ಮಾಡಿದೆ. ಮೀಟಿಂಗಿನಲ್ಲಿದ್ದರು. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದೆ.